ಎಳೆಯದೆ ಇಟ್ಟ ಹರಳು

ಕರೆಂಟು ಹೋಗಲಿ ಎಂದು ಅವನು ಎದ್ದವನೇ ಹಾರೈಸಿಕೊಂಡ. ಹೋಗಲಿಲ್ಲ. ತಲೆಯ ಮೇಲೆ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಬಚ್ಚಲಿನ ದೀಪ ಸ್ವಿಚ್ಚು ಒತ್ತಿದ ಕೂಡಲೇ ಹತ್ತಿತು. ಬೇರೆ ದಿನಗಳಲ್ಲಿ, ಪ್ರಯೋಗಶಾಲೆಯ ಫರ್ನೇಸಿನಲ್ಲಿ ಕರಗಿದ ಅಲ್ಯೂಮಿನಿಯಂ ಇನ್ನೇನು ಹರಳುಗಟ್ಟಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತಿದ್ದ ಕರೆಂಟು ಇವತ್ತು ಮನೆ ಅಳಿಯನ ಹಾಗೆ ಗಟ್ಟಿಯಾಗಿ ಕೂತಿತ್ತು. ಅವನು ಕನ್ನಡಿಯ ಮುಂದೆ ನಿಂತು ಕೆನ್ನೆಗೆ ನೊರೆ ಹಚ್ಚಿಕೊಂಡ. ಕರೆಂಟು ಹೋಗದಿದ್ದರೆ ಬೇಡ, ಜ್ವರವಾದರೂ ಬರಬಹುದು. ಹಣೆ ಮುಟ್ಟಿ ನೋಡಿಕೊಂಡ. ಜ್ವರವಿರಲಿಲ್ಲ. ಅತಿಥಿಯ ರೈಲು ತಡವಾಗಬಹುದು. ಅತಿಥಿಗೇ ಏನಾದರೂ ಆಗಬಹುದು. ಇಲ್ಲಿಗೆ ಬಂದು ಯೋಚನೆ ತಾನಾಗಿ ನಿಂತಿತು. ಒಳ್ಳೆಯ ಮನೆತನದಲ್ಲಿ ಬೆಳೆದವನು. ಸಣ್ಣದೇನಾದರೂ, ಎಂದು ತಿದ್ದಿಕೊಂಡ, ಹೊಟ್ಟೆನೋವಿನಂಥದ್ದು. ಅರವತ್ತರ ಹೊಸ್ತಿಲಲ್ಲಿ ನಿಂತ, ಲೋಹದ ಹರಳುಗಳು ಹೇಗೆ ಜಗ್ಗುತ್ತವೆ, ಹೇಗೆ ಬಾಗುತ್ತವೆ ಎಂಬುದೊಂದನ್ನೇ ಜೀವಮಾನವಿಡೀ ನೋಡಿದ, ಒಂದು ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ಹೆಸರು ಅಚ್ಚಾಗಿರುವ ಭೌತವಿಜ್ಞಾನಿ, ಪರೀಕ್ಷೆಯ ದಿನ ಹೊಟ್ಟೆ ಹಿಡಿದುಕೊಳ್ಳುವ ಹೈಸ್ಕೂಲು ಹುಡುಗನ ಹಾಗೆ ಬಚ್ಚಲಲ್ಲಿ ನಿಂತಿದ್ದಾನೆ ಎಂದು ಅವನಿಗೇ ಅನ್ನಿಸಿತು. ಅನ್ನಿಸಿದ್ದರಿಂದ ನಾಚಿಕೆಯೇನೂ ಆಗಲಿಲ್ಲ. ನಾಚಿಕೆ ಆಗಬೇಕಿತ್ತಲ್ಲ, ಆಗಲಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು.

ಇವತ್ತು ಮಧ್ಯಾಹ್ನ ಒಂದು ಹರಳನ್ನು ಎಳೆಯಬೇಕಿತ್ತು. ಅಷ್ಟೇ. ಹರಳೆಂದರೆ ಜನ ಉಂಗುರದ ಹರಳು ಅಂದುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಅವನ ಅತ್ತೆ, ಕಿವಿಯೋಲೆಗೆ ಯಾವ ಹರಳು ಒಪ್ಪುತ್ತೆ ಹೇಳಿ ಅಳಿಯಂದ್ರೇ ಎಂದು ಕೇಳಿ, ಅವನು ಜೇಬಿನಿಂದ ಪೆನ್ಸಿಲ್ಲಿನಂಥ ಬೂದು ಕಡ್ಡಿಯೊಂದನ್ನು ತೆಗೆದು ತೋರಿಸಿದಾಗ, ಮಗಳನ್ನು ಕೊಟ್ಟಾಗಿದೆಯಲ್ಲ ಅನ್ನುವ ಮುಖ ಮಾಡಿದ್ದರು. ಆ ಕಡ್ಡಿಯನ್ನು ಎರಡೂ ತುದಿ ಹಿಡಿದು ಎಳೆದರೆ ಒಳಗಿನ ಪದರಗಳು ಇಸ್ಪೀಟಿನ ಎಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ. ಜಾರುತ್ತ ಜಾರುತ್ತ ಅಡ್ಡಿ ಹುಟ್ಟುತ್ತದೆ, ಹರಳು ಗಟ್ಟಿಯಾಗುತ್ತದೆ. ಆ ಅಡ್ಡಿ ಎಲ್ಲಿ ಹುಟ್ಟುತ್ತದೆ? ಹರಳಿನ ಮೇಲ್ಮೈಯಲ್ಲಿ, ಎಂದು ಅವನು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಹೇಳಿದ್ದ. ಒಳಗೆ, ಎಂದು ಇವತ್ತು ಅತಿಥಿಯಾಗಿ ಬರಲಿದ್ದ ಆ ಮನುಷ್ಯ ಹೇಳಿದ್ದ. ಲೋಕದ ಉಳಿದವರೆಲ್ಲ ಊಟ ಮಾಡಿ ಮಲಗಿದ್ದರು. ತೀರ್ಮಾನಕ್ಕೆ ದಾರಿ ಸರಳವಾಗಿಯೇ ಇತ್ತು: ಹರಳನ್ನು ಆಸಿಡ್ಡಿನಲ್ಲಿ ಮುಳುಗಿಸಿ ಎಳೆಯುತ್ತ, ನಡುವೆ ಕರೆಂಟು ಕೊಟ್ಟು ಅದರ ಮೇಲ್ಮೈಯನ್ನು ಕರಗಿಸುತ್ತ ಹೋಗುವುದು. ಅಡ್ಡಿ ಇರುವುದು ಮೇಲ್ಮೈಯಲ್ಲಾದರೆ ಹರಳು ಮೆತ್ತಗಾಗಬೇಕು, ಎಳೆತದ ಬಲವನ್ನು ಬರೆಯುವ ಯಂತ್ರದ ಪೆನ್ನು ಗೆರೆಕಾಗದದ ಮೇಲೆ ಕೆಳಗಿಳಿಯಬೇಕು. ಒಳಗಾದರೆ ಪೆನ್ನು ಏನೂ ಆಗದವರ ಹಾಗೆ ಮುಂದೆ ಹೋಗುತ್ತದೆ. ಅವನ ಪೆನ್ನು ಇಳಿದಿತ್ತು. ಆ ವರ್ಷದ ಸಮ್ಮೇಳನವೊಂದರಲ್ಲಿ, ಟೈ ಕಟ್ಟಿಕೊಂಡು, ಇಳಿದ ಗೆರೆಯನ್ನು ಪರದೆಯ ಮೇಲೆ ತೋರಿಸಿ, ಚಪ್ಪಾಳೆಗಾಗಿ ಒಂದು ಕ್ಷಣ ಬಿಟ್ಟಾಗ, ಎರಡನೆಯ ಸಾಲಿನಿಂದ ಆ ಮನುಷ್ಯ ಅರ್ಧ ಎದ್ದು, "ನಿಮ್ಮ ಆಸಿಡ್ಡು ಬಿಸಿಯಾಗಿರಬೇಕು, ಒಂದ್ಸಲ ನೋಡಿ," ಎಂದು ಕೂತುಬಿಟ್ಟ. ಬಿಸಿಯಾದರೆ ಯಾವ ಲೋಹವಾದರೂ ಮೆತ್ತಗಾಗುತ್ತದೆ. ಅದಕ್ಕೆ ಸಿದ್ಧಾಂತ ಬೇಕಿಲ್ಲ. ಸಭೆ ನಕ್ಕಿತು. ದುಷ್ಟ ನಗೆಯಲ್ಲ, ಊಟದ ಹೊತ್ತಾಗಿತ್ತು, ಅಷ್ಟೇ. ಉತ್ತರ ಅವನಿಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ. ಅಲ್ಲಿಂದ ಇಲ್ಲಿಯವರೆಗೆ ಉತ್ತರ ಕೊಡುತ್ತಲೇ ಇದ್ದಾನೆ, ಲೇಖನಗಳಲ್ಲಿ, ಬಸ್ಸಿನಲ್ಲಿ, ಬಚ್ಚಲಿನಲ್ಲಿ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೊಟ್ಟ ಉತ್ತರ ಅತ್ಯುತ್ತಮವಾಗಿತ್ತು. ಬಾಯಿ ಮುಚ್ಚುವಷ್ಟರಲ್ಲಿ ಮರೆತುಹೋಯಿತು.

"ಇವತ್ತು ನನ್ನ ಸವತಿ ಬರ್ತಾರಂತೆ," ಎಂದಳು ಹೆಂಡತಿ, ಬ್ರೆಡ್ಡಿನ ತಟ್ಟೆ ಮುಂದಿಡುತ್ತ.

"ಯಾರು ಹೇಳಿದ್ದು ನಿಂಗೆ?"

"ನೀವೇ. ನಿದ್ದೇಲಿ."

ಮದುವೆಯಾದ ಮೊದಲ ತಿಂಗಳಲ್ಲೇ ಆಕೆ ಆ ಮನುಷ್ಯನಿಗೆ ಇಟ್ಟ ಹೆಸರು ಅದು. ಹೊಸ ಗಂಡ ಹಾಸಿಗೆಯಲ್ಲಿ ಎದ್ದು ಕೂತು "ಬಿಸಿ ಅಲ್ಲ, ಬಿಸಿ ಅಲ್ಲ" ಅನ್ನುತ್ತಿದ್ದರೆ, ಪಾಪ, ಹಣೆ ಮುಟ್ಟಿ ನೋಡಿದ್ದಳು. ಆಮೇಲೆ ಆಮೇಲೆ ಮುಟ್ಟುವುದನ್ನು ಬಿಟ್ಟಳು.

"ಮನೆಗೇ ಕರ್ಕೊಂಡ್ಬನ್ನಿ ಊಟಕ್ಕೆ. ಒಂದ್ಸಲ ಮುಖ ನೋಡ್ಬೇಕು. ಇಷ್ಟು ವರ್ಷ ಒಂದೇ ಗಂಡನ್ನ ಹಂಚ್ಕೊಂಡಿದೀವಿ."

"ತಮಾಷೆ ಮಾಡ್ಬೇಡ ಕಣೇ."

"ತಮಾಷೆ ಏನ್ ಬಂತು? ಮಗಳು ಚಿಕ್ಕವಳಿದ್ದಾಗ ಅವರನ್ನ ದೊಡ್ಡಪ್ಪ ಅಂದ್ಕೊಂಡಿದ್ಲು, ನೆನಪಿಲ್ವಾ? ದಿನಾ ಹೆಸರು ಕೇಳ್ತಿದ್ಲಲ್ಲ. ಆ ದೊಡ್ಡಪ್ಪ ಯಾಕಮ್ಮ ನಮ್ಮನೆಗೆ ಬರೋದೇ ಇಲ್ಲ, ಆಸ್ತಿ ಜಗಳಾನಾ ಅಂದಿದ್ಲು."

ಅವನು ಬ್ರೆಡ್ಡನ್ನು ಎರಡೂ ಕಡೆ ಹಿಡಿದು ನಿಧಾನ ಎಳೆದು, ಎಲ್ಲಿ ಹರಿಯುತ್ತದೆ ಎಂದು ನೋಡುತ್ತಿದ್ದ. ತಿನ್ನುವ ಯಾವ ಪದಾರ್ಥವನ್ನೂ ಎಳೆಯದೆ ಬಾಯಿಗೆ ಹಾಕಿಕೊಂಡವನಲ್ಲ. ಹೆಂಡತಿ ಕೂತಳು. ಸ್ವರ ತಗ್ಗಿಸಿ, "ಅಕಸ್ಮಾತ್ ಅವರೇ ಸರಿ ಅಂತಾದ್ರೆ ಏನ್ರೀ ಮಾಡ್ತೀರಿ?" ಎಂದಳು.

"ಆದ್ರೇನು? ವಿಜ್ಞಾನ ಅಂದ್ರೆ ಹಾಗೇ. ಯಾರು ಸರಿ ಅನ್ನೋದು ಮುಖ್ಯ ಅಲ್ಲ, ಯಾವುದು ಸರಿ ಅನ್ನೋದು." ಇದನ್ನು ತರಗತಿಯಲ್ಲಿ ಹೇಳುವ ಗಂಟಲಿನಲ್ಲಿ ಹೇಳಿದ.

"ಸರಿ ಹಾಗಾದ್ರೆ. ಹಣೆ ಮೇಲೆ ನೊರೆ ಹಾಗೇ ಇದೆ, ಒರೆಸ್ಕೊಂಡು ಹೋಗಿ ವಿಜ್ಞಾನಕ್ಕೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಹರಳನ್ನು ನೆನೆದ. ಅದನ್ನು ಬೆಳೆಸಿದ್ದು ಅವನಲ್ಲ, ಅವನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಸದಾ ಫರ್ನೇಸಿನ ಪಕ್ಕ ಕೂತಿರುತ್ತಿದ್ದುದಕ್ಕೋ, ಬಾಯಿ ಬಿಟ್ಟರೆ ಸುಡುತ್ತಿದ್ದುದಕ್ಕೋ, ಇಡೀ ವಿಭಾಗ ಅವಳನ್ನು ಕುಲುಮೆ ಎಂದು ಕರೆಯುತ್ತಿತ್ತು. ಎದುರಿಗೇ ಕರೆಯುತ್ತಿತ್ತು, ಅವಳು ಓಗೊಡುತ್ತಿದ್ದಳು. ಕರಗಿದ ಲೋಹವನ್ನು ಫರ್ನೇಸಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿಸುತ್ತ ಹೋದರೆ, ಅದೃಷ್ಟ ಚೆನ್ನಾಗಿದ್ದರೆ, ಇಡೀ ಕಡ್ಡಿ ಒಂದೇ ಹರಳಾಗಿ ಗಟ್ಟಿಯಾಗುತ್ತದೆ. ಅದೃಷ್ಟ ಸಾಮಾನ್ಯವಾಗಿ ಚೆನ್ನಾಗಿರುವುದಿಲ್ಲ. ಯಾರೋ ಬಾಗಿಲು ಬಡಿಯುತ್ತಾರೆ, ಹೊರಗೆ ಲಾರಿ ಹೋಗುತ್ತದೆ, ಕಡ್ಡಿಯ ಮೂಲೆಯಲ್ಲೊಂದು ಪರಕೀಯ ಹರಳು ಹುಟ್ಟಿ ಬಿಡಾರ ಹೂಡುತ್ತದೆ. ಅವನ ಹರಳುಗಳಲ್ಲೂ ಇಂಥ ಬಿಡಾರಗಳಿದ್ದವು, ಆ ಮನುಷ್ಯನವುಗಳಲ್ಲೂ ಇದ್ದವು. ನಿಮ್ಮ ಹರಳು ಕೊಳಕು ಎಂದು ಇವನು, ನಿಮ್ಮದು ಇನ್ನೂ ಕೊಳಕು ಎಂದು ಆ ಮನುಷ್ಯ, ನೀರಿನ ನಲ್ಲಿಯ ಮುಂದಿನ ಜಗಳವನ್ನೇ ಒಳ್ಳೆಯ ಭಾಷೆಯಲ್ಲಿ ಬರೆದು ಪತ್ರಿಕೆಗಳಿಗೆ ಕಳಿಸಿದ್ದರು. ಒಂದು ಸಂಜೆ ಕುಲುಮೆ ಅವನ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಬನ್ನಿ," ಎಂದಳು. ದೀಪದ ಕೆಳಗೆ ಕಡ್ಡಿಯಿತ್ತು. ಹತ್ತಿಯ ಹಾಸಿನ ಸಮೇತ ತಟ್ಟೆಯನ್ನು ಅವಳು ಮೆಲ್ಲಗೆ ಓರೆ ಮಾಡಿದಳು. ಒಂದು ಕೋನಕ್ಕೆ ಬಂದಾಗ ಕಡ್ಡಿ ತುದಿಯಿಂದ ತುದಿಗೆ ಒಟ್ಟಿಗೇ ಹೊಳೆಯಿತು. ಒಂದು ಕಲೆಯಿಲ್ಲ, ಒಂದು ಗಡಿಯಿಲ್ಲ. ಮೂವತ್ತು ವರ್ಷ ಕಾದದ್ದು ಇದಕ್ಕೆ. ಅವನ ಕಣ್ಣಲ್ಲಿ ನೀರು ಬಂತು, ಕುಲುಮೆ ಅದನ್ನು ಆನಂದವೆಂದುಕೊಂಡು ಬೇರೆ ಕಡೆ ನೋಡಿದಳು. ಆನಂದವೂ ಇತ್ತು. ಆದರೆ ಆ ಕ್ಷಣದಲ್ಲೇ ಅವನಿಗೆ ಗೊತ್ತಾಗಿತ್ತು: ಕೊಳಕು ಹರಳು ಏನು ಹೇಳಿದರೂ ವಾದ ಮಾಡಬಹುದು, ಇದು ಹೇಳಿದರೆ ಮುಗಿಯಿತು. "ಇಟ್ಟಿರೋಣ ಇದನ್ನ," ಎಂದಿದ್ದ. "ಆತುರ ಬೇಡ."

ಮೊದಲು ಹೊರಗೆ ರಸ್ತೆ ಅಗೆಯುತ್ತಿದ್ದರು, ಕಂಪನ ಬರುತ್ತದೆ. ಆಮೇಲೆ ಆಸಿಡ್ಡಿನ ಬಾಟಲಿ ಹಳೆಯದು. ಹೊಸ ಬಾಟಲಿ ಬಂದಾಗ ಅದು ತೀರ ಹೊಸದು. ಯಂತ್ರದ ಪೆನ್ನು ಸರಿಯಿಲ್ಲ, ಹವೆ ಸರಿಯಿಲ್ಲ, ಅವನ ಸೊಂಟ ಸರಿಯಿಲ್ಲ. ದಿನಾ ಬೆಳಿಗ್ಗೆ ಹೋಗಿ ಗಾಜಿನ ಮುಚ್ಚಳದ ಮೇಲಿಂದ ಹರಳನ್ನು ನೋಡಿ ಬರುತ್ತಿದ್ದ, ಆಸ್ಪತ್ರೆಯಲ್ಲಿ ಮಲಗಿದ ದೂರದ ನೆಂಟರನ್ನು ನೋಡಿ ಬರುವ ಹಾಗೆ. "ಸರ್, ಅದು ಹರಳು. ಇಟ್ಟಷ್ಟೂ ರುಚಿಯಾಗೋಕೆ ಉಪ್ಪಿನಕಾಯಿ ಅಲ್ಲ," ಎಂದು ಕುಲುಮೆ ಒಮ್ಮೆ ಅಂದಳು. ಅವಳ ಪ್ರಬಂಧದಲ್ಲಿ ಕೊನೆಯ ಅಧ್ಯಾಯವೊಂದು ಬಿಟ್ಟು ಎಲ್ಲ ಆಗಿತ್ತು. ಪೆನ್ನು ಇಳಿದರೂ ಅವಳಿಗೆ ಪದವಿ ಬರುತ್ತಿತ್ತು, ಇಳಿಯದಿದ್ದರೂ ಬರುತ್ತಿತ್ತು. ಎಳೆಯದಿದ್ದರೆ ಮಾತ್ರ ಬರುತ್ತಿರಲಿಲ್ಲ. ಅಲ್ಯೂಮಿನಿಯಂ ತಗಡಿನ ಕಾರ್ಖಾನೆಯೊಂದು ಅವಳಿಗೆ ಕೆಲಸ ಕೊಟ್ಟು, ಮುಂದಿನ ತಿಂಗಳೊಳಗೆ ಪ್ರಬಂಧ ಮುಗಿಸಿ ಬನ್ನಿ ಎಂದಿತ್ತು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟಿದ್ದ. ಕಡೆಗೆ ಅವಳು ಪರೀಕ್ಷಕರ ಹೆಸರು ಬರೆದ ಕಾಗದವನ್ನು ಸಹಿಗೆ ತಂದಿಟ್ಟಾಗ ಅದರಲ್ಲಿ ಆ ಮನುಷ್ಯನ ಹೆಸರಿತ್ತು. "ಬೇರೆ ಯಾರೂ ಸಿಗಲಿಲ್ವೇನಮ್ಮ?" ಎಂದ. "ಈ ವಿಷಯದಲ್ಲಿ ಇನ್ನೂ ಉಸಿರಾಡ್ತಿರೋರು ನೀವಿಬ್ಬರೇ ಸರ್. ಅವರು ಬಂದ ದಿನ ಅವರೆದುರಿಗೇ ಎಳೆದುಬಿಡೋಣ." ಸಹಿ ಹಾಕಿದ. ಹಾಕದಿರುವುದಕ್ಕೆ ಹೇಳಬಹುದಾದ ಕಾರಣ ಒಂದೂ ಇರಲಿಲ್ಲ. ಇದ್ದ ಕಾರಣ ಹೇಳುವಂಥದ್ದಾಗಿರಲಿಲ್ಲ.

ರೈಲು ತಡವಾಗಿರಲಿಲ್ಲ. ವಿಭಾಗದ ಬಾಗಿಲಲ್ಲಿ ಆಟೋದಿಂದ ಇಳಿದವರನ್ನು ಅವನು ಮೊದಲು ಯಾರೋ ವಿದ್ಯಾರ್ಥಿಯ ತಾತ ಅಂದುಕೊಂಡ. ಮೂವತ್ತು ವರ್ಷ ಅವನ ತಲೆಯೊಳಗೆ ಬೆಳೆದು, ಭುಜ ಅಗಲಿಸಿಕೊಂಡು, ಎರಡನೆಯ ಸಾಲಿನಿಂದ ಅರ್ಧ ಏಳುತ್ತಲೇ ಇದ್ದ ಆ ದೈತ್ಯನ ಜಾಗದಲ್ಲಿ ಸ್ವೆಟರು ಹಾಕಿಕೊಂಡ ಒಂದು ಪುಟ್ಟ ಮುದುಕ ಆಟೋದ ಕಂಬಿ ಹಿಡಿದು ಒಂದೊಂದೇ ಕಾಲನ್ನು ನೆಲಕ್ಕೆ ಇಳಿಸುತ್ತಿತ್ತು. ಕೈಯಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅವನು ಸಿದ್ಧ ಮಾಡಿಕೊಂಡಿದ್ದ ಮೊದಲ ವಾಕ್ಯ — ಸೌಜನ್ಯ ತುಂಬಿದ, ಒಳಗೆ ಸಣ್ಣ ಮುಳ್ಳಿದ್ದ ವಾಕ್ಯ — ಆಡದೆಯೇ ಉಳಿಯಿತು. ಕೈ ಕೊಟ್ಟು ಇಳಿಸಿದ.

"ಬನ್ನಿ ಸಾರ್. ಪ್ರಯಾಣ ಸುಖವಾಗಿತ್ತಾ?"

"ಮಂಡಿಗೆ ಸುಖ ಇಲ್ಲ, ಮಿಕ್ಕಿದ್ದಕ್ಕೆಲ್ಲ ಸುಖ." ಅತಿಥಿ ಅವನ ಮುಖವನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿದರು. "ನಿಮ್ಮನ್ನ ಎಲ್ಲೋ ನೋಡಿದೀನಲ್ಲ ನಾನು."

ಕುಲುಮೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. "ಆ ಸಮ್ಮೇಳನ," ಎಂದ, "ನಾನು ಮಾತಾಡ್ದಾಗ ನೀವು..."

"ಹಾಂ, ಹಾಂ!" ಮುದುಕರ ಮುಖ ಅರಳಿತು. "ಕೊಡೆ! ನನ್ನ ಕೊಡೆ ತಗೊಂಡು ಹೋದೋರು ನೀವೇ ಅಲ್ವಾ? ಮರದ ಹಿಡಿ ಇತ್ತು."

ಅವನು ಯಾರ ಕೊಡೆಯನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಅವತ್ತು ಮಳೆಯಲ್ಲಿ ನೆನೆದುಕೊಂಡೇ ಹೋಗಿ ವಾರ ಮಲಗಿದ್ದ. ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದರೆ ಈ ಮನುಷ್ಯನ ನೆನಪಿನಲ್ಲಿ ಅವನಿಗೆ ಯಾವ ಜಾಗವೂ ಉಳಿಯುತ್ತಿರಲಿಲ್ಲ. "ಹೌದು ಸಾರ್, ನಾನೇ," ಎಂದ. "ಕ್ಷಮಿಸ್ಬೇಕು."

"ಛೆ, ಬಿಡಿ. ಎಂದೋ ಮರೆತುಬಿಟ್ಟೆ," ಎಂದರು ಅತಿಥಿ ದೊಡ್ಡ ಮನಸ್ಸಿನಿಂದ.

ಮೆಟ್ಟಿಲು ಹತ್ತುತ್ತ ಮತ್ತೊಂದು ಗೊತ್ತಾಯಿತು. ಲೋಹ ಬಿಟ್ಟು ಯಾವ ಕಾಲವಾಯ್ತು ಸ್ವಾಮಿ, ಎಂದರು ಅತಿಥಿ, ಒಂದೊಂದು ಮೆಟ್ಟಿಲಿಗೂ ನಿಂತು. ಈಗ ಮೂಳೆ. ಮೂಳೆ ಡಾಕ್ಟರುಗಳ ಜೊತೆ ಕೆಲಸ. ಮಂಡಿ ಹಿಡಿದುಕೊಂಡ ಮೇಲೆ ಆಸಕ್ತಿ ತಾನಾಗೇ ಆ ಕಡೆ ತಿರುಗಿತು. "ಲೋಹ ಬೇಜಾರಪ್ಪ, ತುಂಬ ಚೊಕ್ಕಟ. ಮೂಳೆ ನೋಡಿ, ಎಷ್ಟು ಗಲೀಜು, ಎಷ್ಟು ಚೆಂದ! ಈ ಹುಡುಗಿ ಕರೆದ್ಲು, ರೈಲು ಟಿಕೆಟ್ಟೂ ಕಳ್ಸಿದ್ಲು, ಬಂದೆ." ಅವನು ಹಿಂದಿನಿಂದ ಕೈ ಆಸರೆಯಾಗಿ ಹಿಡಿದು ಹತ್ತುತ್ತಿದ್ದ. ಆ ಮನುಷ್ಯನ ಲೇಖನಗಳು ಒಂದು ಕಾಲದಿಂದ ಬರುವುದು ನಿಂತಿದ್ದವು. ಅದನ್ನು ಅವನು ತಂತ್ರವೆಂದುಕೊಂಡಿದ್ದ: ಏನೋ ದೊಡ್ಡದನ್ನು ತಯಾರು ಮಾಡುತ್ತಿದ್ದಾನೆ, ಸುಮ್ಮನಿದ್ದು ಸುಮ್ಮನಿದ್ದು ಒಂದೇ ಏಟಿಗೆ ಹೊಡೆಯುತ್ತಾನೆ. ಆ ಮೌನಕ್ಕೆ ಹೆದರಿ ಎರಡು ರಜೆಗಳಲ್ಲಿ ಹೆಂಡತಿ ಮಗಳನ್ನು ಎಲ್ಲಿಗೂ ಕರೆದುಕೊಂಡು ಹೋಗದೆ ಪ್ರಯೋಗಶಾಲೆಯಲ್ಲಿ ಕೂತಿದ್ದ. ಆ ರಜೆಗಳಲ್ಲಿ ಈತ ಯಾರದೋ ತೊಡೆಮೂಳೆಯನ್ನು ಬೆಳಕಿಗೆ ಹಿಡಿದು ಚೆಂದ ಎಂದು ನೋಡುತ್ತಿದ್ದ. ಹಾಗಾದರೆ ಇಷ್ಟು ದಿನ ಬಚ್ಚಲಲ್ಲಿ ಯಾರಿಗೆ ಉತ್ತರ ಕೊಟ್ಟದ್ದು? ಯಾರ ಎದುರು ಗೆದ್ದದ್ದು? ಸಿಟ್ಟು ಬರಬೇಕೆನ್ನಿಸಿತು, ಬರಲಿಲ್ಲ. ಮುದುಕರ ಸ್ವೆಟರಿನ ಬೆನ್ನಿನಲ್ಲಿ ಒಂದು ಹೊಲಿಗೆ ಬಿಟ್ಟಿತ್ತು, ಅದನ್ನೇ ನೋಡುತ್ತ ಹತ್ತಿದ.

ಪ್ರಯೋಗಶಾಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಎಳೆಯುವ ಯಂತ್ರ, ಅದರ ಎರಡು ಹಿಡಿಗಳ ನಡುವೆ ಆಸಿಡ್ಡಿನ ಗಾಜಿನ ಪಾತ್ರೆ, ಪಾತ್ರೆಯ ಸುತ್ತ ಮಂಜುನೀರು ಹರಿಯುವ ನಳಿಗೆ. ಬಿಸಿಯ ಮಾತೇ ಬರಬಾರದೆಂದು ಅದನ್ನು ಕುಲುಮೆ ಹಟ ಹಿಡಿದು ಸುತ್ತಿದ್ದಳು. ಮೇಜಿನ ಮೇಲೆ ಮುಚ್ಚಳ ತೆಗೆದ ತಟ್ಟೆ, ಹತ್ತಿಯ ಮೇಲೆ ಹರಳು. ಕುಲುಮೆ ಬೋರ್ಡಿನ ಮೇಲೆ ಪ್ರಯೋಗ ವಿವರಿಸಿದಳು. ಅತಿಥಿ ಚಿಕ್ಕ ಮಕ್ಕಳ ಹಾಗೆ ತಲೆಯಾಡಿಸುತ್ತ ಕೇಳಿದರು. ಚಹಾ ಬಂತು, ಬಿಸ್ಕತ್ತನ್ನು ಅದ್ದಿ ತಿಂದರು. ಆಮೇಲೆ ಉತ್ಸಾಹ ಬಂದು, "ಇದೇ ಮೂಳೆಯಲ್ಲಾಗಿದ್ರೆ ನೋಡಮ್ಮ," ಎನ್ನುತ್ತ ಎದ್ದು, ಬೋರ್ಡಿನಲ್ಲಿ ಏನನ್ನೋ ತೋರಿಸಲು ಮೇಜಿನ ಮೇಲಿನ ಕಡ್ಡಿಯನ್ನು ಕೈಗೆ ತೆಗೆದುಕೊಂಡರು.

ಹದ ಮಾಡಿದ ಹರಳು ನೋಡಲು ಲೋಹ, ಮುಟ್ಟಿದರೆ ಮೇಣ. ಈ ಕೆಲಸದಲ್ಲಿ ಒಂದು ವಾರ ಕಳೆದವನೂ ಅದನ್ನು ಹೀಗೆ ಒಂದೇ ಕೈಯಲ್ಲಿ ಎತ್ತುವುದಿಲ್ಲ. ಎತ್ತಬಾರದೆಂದು ಕೈಗೇ ಗೊತ್ತಿರುತ್ತದೆ. ಅತಿಥಿಯ ಕೈ ಮರೆತುಬಿಟ್ಟಿತ್ತು. ಅವರು ಅದನ್ನು ಬೋರ್ಡಿನ ಮೇಲೆ ಎರಡು ಸಲ ಕುಟ್ಟಿದರು, ಅಂಗೈಗೆ ಬಡಿದುಕೊಂಡರು, ಅದರಿಂದ ಸ್ವೆಟರಿನೊಳಗೆ ಬೆನ್ನು ಕೆರೆದುಕೊಳ್ಳುತ್ತಾರೇನೋ ಎಂದೂ ಒಂದು ಕ್ಷಣ ಕಂಡಿತು. "ಸರ್!" ಎಂದು ಕುಲುಮೆ ಕೂಗಿದಳು. ಅತಿಥಿ ಕೈಯಲ್ಲಿದ್ದುದನ್ನು ನೋಡಿದರು. ಅದು ಹುಬ್ಬಿನ ಹಾಗೆ ಬಾಗಿತ್ತು. ನೆಟ್ಟಗೆ ಮಾಡಲು ಹೋದರು.

"ಅಯ್ಯೋ," ಎಂದರು, ಆಗ ನೆನಪಾಗಿ. "ಅಯ್ಯೋ, ಇದೇ ಏನಮ್ಮ ಅದು? ನನಗೆ ಬುದ್ಧಿ ಎಲ್ಲಿ ಹೋಗಿತ್ತು!"

ಅವನೊಳಗೆ ಏನೋ ತಣ್ಣಗೆ, ಹಿತವಾಗಿ, ಹೊಟ್ಟೆಯಿಂದ ಎದೆಗೆ ಏರಿತು. ಎಷ್ಟೋ ಹೊತ್ತಿನಿಂದ ತಡೆದುಕೊಂಡಿದ್ದವನಿಗೆ ಬಾಗಿಲು ತೆರೆದ ಹಾಗೆ. ಮುಗಿಯಿತು. ಎಳೆಯುವ ಹಾಗಿಲ್ಲ. ತಪ್ಪು ಅವನದಲ್ಲ. ಇಂಥ ಹರಳು ಇನ್ನು ಅವನ ಕಾಲದಲ್ಲಿ ಬರುವುದಿಲ್ಲ, ಬರುವಷ್ಟರಲ್ಲಿ ಅವನು ಇರುವುದಿಲ್ಲ, ಅಡಿಟಿಪ್ಪಣಿ ಇರುತ್ತದೆ. ಹಾಳು ಮಾಡಿದವನು ಆ ಮನುಷ್ಯನೇ. ಇದಕ್ಕಿಂತ ಅಚ್ಚುಕಟ್ಟು ಇನ್ನೇನು ಬೇಕು. "ಪರವಾಗಿಲ್ಲ ಸಾರ್," ಎಂದ. "ಛೆ ಛೆ, ಏನಾಯ್ತೀಗ? ನೀವು ಕೂತ್ಕೊಳ್ಳಿ. ಚಹಾ ತಣ್ಣಗಾಗುತ್ತೆ. ಮನುಷ್ಯರಿಂದ ಆಗೋದೇ ತಾನೇ ಇದೆಲ್ಲ. ನಾನೇ ಎಷ್ಟು ಹರಳು ಬಗ್ಗಿಸಿಲ್ಲ." ತನ್ನ ಮಾತಿನ ಉದಾರತೆ ತನಗೇ ಕೇಳಿಸುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಇನ್ನೊಂದು ಬಿಸ್ಕತ್ತು ಕೊಟ್ಟ. ಬೆನ್ನು ಸವರಿದ. ನಗುತ್ತ ತಲೆಯೆತ್ತಿದಾಗ ಕುಲುಮೆ ಅವನನ್ನೇ ನೋಡುತ್ತಿದ್ದಳು. ಬಗ್ಗಿದ ಹರಳನ್ನಲ್ಲ, ಮುದುಕರನ್ನಲ್ಲ, ಅವನ ನಗುವನ್ನು. ಮುಂದಿನ ತಿಂಗಳು, ಕಾರ್ಖಾನೆ, ಕೊನೆಯ ಅಧ್ಯಾಯ — ಎಲ್ಲ ಅವನಿಗೆ ಆಗ ನೆನಪಾಯಿತು. ಮೊದಲು ನೆನಪಾಗಬೇಕಿತ್ತು. ನಗುವನ್ನು ಎಲ್ಲಿಡುವುದೆಂದು ತಿಳಿಯದೆ ಅದು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

"ಇನ್ನೊಂದಿದೆ ಸರ್," ಎಂದಳು ಅವಳು.

"ಏನು ಇನ್ನೊಂದು?"

"ಹರಳು. ಇಂಥದ್ದೇ. ಬೀರುವಲ್ಲಿದೆ."

"ಯಾವಾಗ ಬೆಳೆಸ್ದೆ? ನಂಗೆ ಹೇಳ್ಲೇ ಇಲ್ವಲ್ಲ?"

"ಹೇಳಿದ್ರೆ ಅದನ್ನೂ ಇಡ್ತಿದ್ರಿ."

ಅತಿಥಿ ಬಿಸ್ಕತ್ತು ಹಿಡಿದುಕೊಂಡೇ, "ಭೇಷ್ ಮಗಳೇ!" ಎಂದರು. ಅವರಿಗೆ ಹೋದ ಜೀವ ಬಂದಂತಾಗಿತ್ತು. ಅವನಿಗೆ ಬಂದ ಜೀವ ಹೋಯಿತು.

ಎರಡನೆಯ ಹರಳು ಬೀರುವಿನಿಂದ ಬಂತು. ಕುಲುಮೆ ತಟ್ಟೆಯನ್ನು ದೀಪದ ಕೆಳಗೆ ಓರೆ ಮಾಡಿದಳು. ತುದಿಯಿಂದ ತುದಿಗೆ ಒಂದೇ ಹೊಳಪು. ಅದನ್ನು ತಟ್ಟೆಯಿಂದ ಯಂತ್ರದ ಹಿಡಿಗೆ ಸಾಗಿಸಿ ಕೂರಿಸುವ ಕೆಲಸವೊಂದಿತ್ತು. ಆ ಕೆಲಸ ಯಾವಾಗಲೂ ಅವನದು. ಅವನ ಸಿದ್ಧಾಂತದ ಬಗ್ಗೆ ಬೆನ್ನ ಹಿಂದೆ ನಗುತ್ತಿದ್ದವರೂ ಅವನ ಕೈಯನ್ನು ಹೊಗಳುತ್ತಿದ್ದರು. ಮೊದಲ ವರ್ಷದ ಹುಡುಗರನ್ನು ಕಿಟಕಿಯಾಚೆ ನಿಲ್ಲಿಸಿ ತೋರಿಸುತ್ತಿದ್ದರು. ಈಗಲೂ ಇಬ್ಬರೂ ಸಹಜವಾಗಿ ಅವನಿಗೆ ದಾರಿ ಬಿಟ್ಟರು. ಅವನು ಕೈ ತೊಳೆದು, ಒರೆಸಿ, ತಟ್ಟೆಯ ಮೇಲೆ ಬಾಗಿದ. ಎರಡು ಹೆಬ್ಬೆರಳು, ಎರಡು ತೋರುಬೆರಳು. ಎಡ ಹೆಬ್ಬೆರಳನ್ನು ಒಂದಿಷ್ಟು ಒತ್ತಿದರೆ ಸಾಕು ಎಂದು ಅವನಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವಂತೆ ಬಾಗುವುದಿಲ್ಲ. ಕುಲುಮೆಗೂ ಕಾಣುವುದಿಲ್ಲ. ಆದರೆ ಒಳಗೆ ಪದರಗಳು ಜಾರಿರುತ್ತವೆ, ಹರಳು ಕೊಳಕಾಗಿರುತ್ತದೆ, ಪೆನ್ನು ಏನು ಮಾಡಿದರೂ ಮುಂದೆ ವಾದಕ್ಕೆ ಜಾಗವಿರುತ್ತದೆ. ಅವಳಿಗೆ ಅಧ್ಯಾಯ ಸಿಗುತ್ತದೆ, ಅವನಿಗೆ ಅಡಿಟಿಪ್ಪಣಿ ಉಳಿಯುತ್ತದೆ; ಯಾರಿಗೂ ನಷ್ಟವಿಲ್ಲ. ನಾನು ಹಾಗೆ ಮಾಡುವುದಿಲ್ಲ, ಎಂದುಕೊಂಡ. ಖಂಡಿತ ಮಾಡುವುದಿಲ್ಲ. ಆದರೆ ಬೆಳಿಗ್ಗೆಯಿಂದ ಕರೆಂಟು, ಜ್ವರ, ರೈಲು ಎಂದು ಅವನು ನೆನೆದುಕೊಂಡು ಬಂದದ್ದೆಲ್ಲ ಈ ಹೆಬ್ಬೆರಳಿಗೂ ಗೊತ್ತಿತ್ತಲ್ಲ. ಮನಸ್ಸನ್ನು ಕೇಳದೆ ಅದೇ ಒತ್ತಿಬಿಟ್ಟರೆ? ಒತ್ತಿದ್ದು ತಾನೋ ಹೆಬ್ಬೆರಳೋ ಎಂದು ಮುಂದೆ ತನಗೇ ತಿಳಿಯುವುದಿಲ್ಲ. ಅದನ್ನೂ ಬಚ್ಚಲಲ್ಲಿ ನಿಂತು ಎಷ್ಟು ವರ್ಷ ವಾದಿಸಬೇಕಾದೀತೋ. ಹರಳಿನ ಮೇಲೆ, ಮುಟ್ಟದೆ, ಅವನ ಬೆರಳುಗಳು ಚಾಚಿಕೊಂಡೇ ಇದ್ದವು. ಅವು ಎಂದಿನ ಹಾಗೆ ಕಲ್ಲಿನ ಬೆರಳುಗಳಷ್ಟು ನಿಶ್ಚಲವಾಗಿದ್ದವು. ಅದೇ ಅವನಿಗೆ ಹೇಸಿಗೆಯೆನ್ನಿಸಿತು. ಹಿಂದೆ ಸರಿದು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ನೀನೇ ಹಾಕು."

ಕುಲುಮೆ ಅನುಮಾನದಿಂದ ನೋಡಿದಳು. "ಯಾಕ್ ಸರ್, ಕೈ ನಡುಗ್ತಿದೆಯಾ?"

"ಇಲ್ಲ. ನಡುಗ್ತಿಲ್ಲ," ಎಂದ. "ಅದಕ್ಕೇ."

ಅವಳು ತಟ್ಟೆಯ ಮೇಲೆ ಬಾಗಿದಳು. ಅವಳ ಕೈ ನಡುಗುತ್ತಿತ್ತು. ಉಸಿರು ಬಿಗಿಹಿಡಿದು, ತುಟಿ ಕಚ್ಚಿ, ಎರಡು ಸಲ ಮತ್ತೆ ಹತ್ತಿಯ ಮೇಲೇ ಇಟ್ಟು, ಮೂರನೆಯ ಸಲಕ್ಕೆ ಕೂರಿಸಿದಳು. ಅವನಿಗಿಂತ ಕೆಟ್ಟದಾಗಿ ಕೂರಿಸಿದಳು, ಆದರೆ ಹರಳು ನೆಟ್ಟಗಿತ್ತು. ಅವನು ಜೇಬಿನೊಳಗೆ ಬೆರಳುಗಳನ್ನು ಮುಷ್ಟಿ ಮಾಡಿಕೊಂಡು ನಿಂತಿದ್ದ, ಸಭ್ಯರ ಮನೆಗೆ ಕರೆತಂದ ಕಚ್ಚುವ ನಾಯಿಯ ಸರಪಳಿ ಹಿಡಿದುಕೊಂಡವನ ಹಾಗೆ.

ಯಂತ್ರ ಗುಂಯ್ ಎಂದಿತು. ಪೆನ್ನು ಗೆರೆಕಾಗದದ ಮೇಲೆ ಓರೆಯಾಗಿ ಏರತೊಡಗಿತು. ಅತಿಥಿ ಸ್ವಲ್ಪ ಹೊತ್ತು ನಿಂತು ನೋಡಿ, ಮಂಡಿ ನೋವೆಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಗಲ್ಲ ನಿಧಾನ ಎದೆಗಿಳಿಯಿತು. ಪೆನ್ನು ಏರುತ್ತಿತ್ತು. ಈ ಗೆರೆಯನ್ನು ಎಷ್ಟು ಸಾವಿರ ಸಲ ನೋಡಿದ್ದಾನೆ. ಮಗಳು ಹುಟ್ಟಿದ ಸುದ್ದಿ ಬಂದಾಗಲೂ ಇಂಥದೊಂದು ಗೆರೆಯ ಮುಂದೆ ಇದ್ದ, ಇನ್ನೊಂದು ಐದು ನಿಮಿಷ ಎಂದು ಹೇಳಿ ಕಳಿಸಿ ಸಂಜೆ ಹೋಗಿದ್ದ. ಹೆಂಡತಿ ಏನೂ ಅಂದಿರಲಿಲ್ಲ. ಮಗುವಿನ ಮೂಗು ಯಾರದು ಎಂದು ಯಾರೋ ಕೇಳಿದಾಗ ಮಾತ್ರ, "ಇವರ ಸಮ್ಮೇಳನದವರದ್ದು" ಎಂದಿದ್ದಳು. "ಕರೆಂಟ್ ಕೊಡ್ತೀನಿ ಸರ್," ಎಂದಳು ಕುಲುಮೆ. ಕೊಡು, ಎಂದ. ಸ್ವಿಚ್ಚು ಟಪ್ಪೆಂದಿತು. ಆಸಿಡ್ಡಿನೊಳಗೆ ಹರಳಿನ ಮೈಯಿಂದ ಸಣ್ಣ ಗುಳ್ಳೆಗಳೆದ್ದವು. ಮೇಲ್ಮೈ ಕರಗುತ್ತಿತ್ತು. ಇಳಿಯಿತು, ಎಂದುಕೊಂಡ, ಕಣ್ಣು ಪಿಳುಕಿಸಿ ನೋಡಿದಾಗ ಇಳಿದಿರಲಿಲ್ಲ. ಪೆನ್ನು ಏರುತ್ತಲೇ ಇತ್ತು. ಅವಳು ಕರೆಂಟು ತೆಗೆದಳು, ಕೊಟ್ಟಳು, ಮತ್ತೆ ತೆಗೆದು ಮತ್ತೆ ಕೊಟ್ಟಳು. ಗೆರೆಯಲ್ಲಿ ಒಂದು ಕೂದಲಿನಷ್ಟು ತಗ್ಗು ಕೂಡ ಬರಲಿಲ್ಲ. ಮೇಲ್ಮೈಯನ್ನು ಎಷ್ಟು ಸುಲಿದರೂ ಹರಳು ಒಳಗಿನಿಂದ ತನ್ನ ಪಾಡಿಗೆ ತಾನು ಗಟ್ಟಿಯಾಗುತ್ತ ಹೋಗುತ್ತಿತ್ತು. ಯಾವ ಮಹಾದುಃಖ ಬರುತ್ತದೆಂದು ಅವನು ಎದೆ ಕೊಟ್ಟು ಕಾದ. ಬಂದದ್ದು ಹಸಿವು. ಮಧ್ಯಾಹ್ನ ಊಟ ಮಾಡಿರಲಿಲ್ಲ.

"ಸರ್," ಎಂದಳು ಕುಲುಮೆ. ಸುಡುವ ಗಂಟಲಾಗಿರಲಿಲ್ಲ ಅದು. "ಇನ್ನೊಂದ್ಸಲ ನೋಡೋಣ್ವಾ?"

"ಬೇಡಮ್ಮ. ಚೆನ್ನಾಗಿದೆ ಗೆರೆ. ಇಷ್ಟು ಒಳ್ಳೆ ಗೆರೆ ನಾನು ನೋಡೇ ಇಲ್ಲ. ಇದನ್ನೇ ಹಾಕಿ ಬರಿ."

ಅವನು ಗೋಡೆಯ ಪಕ್ಕದ ಕುರ್ಚಿಯ ಹತ್ತಿರ ಹೋದ. ಅತಿಥಿಗೆ ಗಾಢ ನಿದ್ದೆ ಹತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಸ್ವೆಟರಿನ ಮೇಲೆ ಬಿಸ್ಕತ್ತಿನ ಪುಡಿ. ಎಬ್ಬಿಸದೆ ಹೋಗಿಬಿಡಬಹುದಿತ್ತು. ಭುಜ ಮುಟ್ಟಿದ.

"ಸಾರ್. ನೀವು ಹೇಳಿದ್ದೇ ಸರಿ."

"ಆಂ?" ಅತಿಥಿ ಗಾಬರಿಯಿಂದ ಕಣ್ಣು ಬಿಟ್ಟರು. "ನಾನೇನು ಹೇಳ್ದೆ?"

"ಅಡ್ಡಿ ಮೇಲ್ಮೈನಲ್ಲಿ ಇಲ್ಲ, ಹರಳಿನ ಒಳಗಿದೆ ಅಂತ."

"ನಾನು ಹೇಳಿದ್ನಾ? ಎಲ್ಲಿ?"

ಅವನು ಸ್ಟೂಲು ಎಳೆದುಕೊಂಡು ಎದುರಿಗೆ ಕೂತ. ಎಲ್ಲಿ, ಯಾವಾಗ, ಯಾವ ಪುಟದಲ್ಲಿ ಎಂದು ಹೇಳಿದ. ಮುದುಕರು ಕುತೂಹಲದಿಂದ, ಬೇರೆ ಯಾರದೋ ಕತೆ ಕೇಳುವ ಹಾಗೆ ಕೇಳಿದರು. ಅರ್ಥವಾಗಲಿಲ್ಲ, ಬಿಡಿಸಿ ಹೇಳಿ ಎಂದರು. ಅವನು ಬಿಡಿಸಿ ಹೇಳಿದ. ಜಗತ್ತಿನಲ್ಲಿ ಆ ವಾದ ಅವನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಅದರ ಒಂದೊಂದು ಗೆಣ್ಣನ್ನೂ ಮುರಿಯಲೆಂದು ಮುಟ್ಟಿ ನೋಡಿದ್ದ. ಪದರಗಳು ಒಳಗೆ ಹೇಗೆ ಜಾರುತ್ತವೆ, ಎಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಹೊರಗಿನ ಸಿಪ್ಪೆ ಸುಲಿದರೆ ಆ ಸಿಕ್ಕು ಯಾಕೆ ಬಿಡುವುದಿಲ್ಲ, ಎಲ್ಲ ಹೇಳಿದ. ಆ ಮನುಷ್ಯ ತನ್ನ ಒಳ್ಳೆಯ ದಿನಗಳಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಯಾವಾಗಲೋ ಜೇಬಿನಿಂದ ಕೈಗಳು ಹೊರಗೆ ಬಂದು ಗಾಳಿಯಲ್ಲಿ ಪದರಗಳನ್ನು ಜಾರಿಸುತ್ತಿದ್ದವು. ಅತಿಥಿ ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿ ಹಾಕಿಕೊಂಡರು. ಅವರ ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಅಲ್ಲ ಸ್ವಾಮಿ," ಎಂದರು, ಮುಂದಕ್ಕೆ ಬಾಗಿ. "ಮೇಲ್ಮೈನೂ ಒಂದಿಷ್ಟು ತಡೀಲೇಬೇಕಲ್ಲ? ಜಾರಿಕೊಂಡು ಬಂದದ್ದು ಎಲ್ಲಿಗೆ ಹೋಗುತ್ತೆ? ಹೊರಗೆ ತಾನೇ ಬರ್ಬೇಕು?"

"ಬಂದ್ರೆ ಬರುತ್ತೆ, ಅಲ್ಲಿ ನಿಲ್ಲೋದಿಲ್ಲ!"

"ಯಾಕೆ ನಿಲ್ಲಲ್ಲ? ಹೊಸ್ತಿಲಲ್ಲಿ ಯಾರೂ ಎಡವೋದೇ ಇಲ್ವಾ?"

"ಸಾರ್, ನೀವು ನಿಮ್ಮ ಮಾತನ್ನೇ ಅರ್ಥ ಮಾಡ್ಕೊಳ್ತಿಲ್ಲ." ಅವನ ಸ್ವರ ಏರಿತು. ಎದ್ದು ಹೋಗಿ ಯಂತ್ರದಿಂದ ಗೆರೆಕಾಗದವನ್ನು ಹರಿದು ತಂದು ಮುದುಕರ ಮಂಡಿಯ ಮೇಲೆ ಹಾಸಿದ. "ಇಲ್ಲಿ ನೋಡಿ. ಇಲ್ಲಿ ಕರೆಂಟು ಕೊಟ್ಟಿದ್ದು. ಇಲ್ಲಿ. ಇಲ್ಲಿ. ಎಲ್ಲಾದ್ರೂ ಇಳಿದಿದೆಯಾ? ತೋರ್ಸಿ!"

ಅತಿಥಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಲ್ಲಾಡಿಸಿದರು. ಒಪ್ಪಲಿಲ್ಲ.